ಗ್ಲಾಕೋಮಾ ಇರುವವರು ತಲೆಕೆಳಗಾಗುವ ಆಸನಗಳನ್ನು ಮಾಡುವ ಮುನ್ನ ದಯವಿಟ್ಟು ಇದನ್ನು ಓದಿ

ದೃಷ್ಟಿ ನರ ಸವೆಯುತ್ತಾ ಹೋಗುವ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದೆಯೆಂದು ತಿಳಿದಿದ್ದೂ ಯಾರಾದರೂ ನಿಮಗೆ ಶೀರ್ಷಾಸನವನ್ನೋ ಸರ್ವಾಂಗಾಸನವನ್ನೋ ಹೇಳಿಕೊಡಲು ಮುಂದಾದರೆ, ಅವರು ಎಷ್ಟೇ ಅನುಭವಿಗಳಾಗಿದ್ದರೂ, ಎಷ್ಟೇ ಪ್ರೀತಿಯಿಂದ ಹೇಳಿದರೂ ಒಪ್ಪಿಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಒಮ್ಮೆ ಸತ್ತ ದೃಷ್ಟಿ ನರದ ಎಳೆಗಳು ಮತ್ತೆ ಚಿಗುರುವುದಿಲ್ಲ. ನನ್ನ ಎಡಗಣ್ಣಿನ ಮೇಲ್ಭಾಗದಲ್ಲಿ ಕಳೆದುಹೋಗಿರುವ ನೋಟವನ್ನು ಮರಳಿ ತರುವ ಔಷಧಿಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇಂದು ಇಲ್ಲ. ಇನ್ನೊಬ್ಬರಿಗೆ ಹೀಗಾಗಬಾರದೆಂಬ ಕಳಕಳಿಯಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ನನಗೆ ಎರಡೂ ಕಣ್ಣುಗಳಲ್ಲಿ ಓಪನ್ ಆಂಗಲ್ ಎಂಬ ಬಗೆಯ ಗ್ಲಾಕೋಮಾ ಇದೆ. ಪ್ರತಿ ರಾತ್ರಿ ತಪ್ಪದೆ ಕಣ್ಣಿಗೆ ಔಷಧಿಯ ಹನಿ ಹಾಕಿಕೊಳ್ಳುತ್ತಿದ್ದೆ, ನರಕ್ಕೆ ಹಾನಿ ಮಾಡುವ ಕಣ್ಣಿನೊಳಗಿನ ಒತ್ತಡವೂ ಹತೋಟಿಯಲ್ಲಿತ್ತು. ವ್ಯಾಯಾಮ ಮಾಡುವುದು ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ಒಂದು ಯೋಗ ತರಗತಿಗೆ ಸೇರಿದೆ. ಸೇರುವಾಗ ಅರ್ಜಿಯಲ್ಲಿ ಕಾಯಿಲೆಯ ಹೆಸರನ್ನು ಬರೆದುಕೊಟ್ಟೆ, ಶಿಕ್ಷಕರಿಗೆ ಬಾಯಿಮಾತಿನಲ್ಲಿಯೂ ತಿಳಿಸಿದೆ. ಅದಕ್ಕೆ ಅವರು, ತಲೆಯ ಕಡೆಗೆ ರಕ್ತ ಹರಿದರೆ ಕಣ್ಣಿನ ನರಕ್ಕೆ ಬಲ ಬರುತ್ತದೆ, ಆರು ತಿಂಗಳು ಕ್ರಮವಾಗಿ ಮಾಡಿದರೆ ಹನಿಯೇ ಬೇಕಾಗುವುದಿಲ್ಲ ಎಂದು ಭರವಸೆ ಕೊಟ್ಟು, ಉಳಿದವರಿಗಿಂತ ಹೆಚ್ಚು ಹೊತ್ತು ನನ್ನನ್ನು ಸರ್ವಾಂಗಾಸನ, ಹಲಾಸನಗಳಲ್ಲಿ ನಿಲ್ಲಿಸಿದರು. ಕೆಲವು ವಾರಗಳ ನಂತರ ಗೋಡೆಯ ಆಸರೆಯಲ್ಲಿ ಶೀರ್ಷಾಸನವೂ ಆರಂಭವಾಯಿತು. ಕಣ್ಣು ಬಿಗಿದಂತಾಗುತ್ತದೆ, ಹುಬ್ಬಿನ ಮೇಲೆ ಭಾರವೆನಿಸುತ್ತದೆ ಎಂದಾಗ, ಅಭ್ಯಾಸವಾದರೆ ಸರಿಹೋಗುತ್ತದೆ ಎಂಬ ಉತ್ತರ ಬಂತು.

ಮುಂದಿನ ತಪಾಸಣೆಯಲ್ಲಿ ಒತ್ತಡ ಮೊದಲಿನಷ್ಟೇ ಇತ್ತು. ಆ ಅಂಕಿಯನ್ನು ಕೇಳಿ ನೆಮ್ಮದಿಯಾಯಿತು. ಆದರೆ ಅದರ ನಂತರದ ತಪಾಸಣೆಯಲ್ಲಿ ನೋಟದ ವ್ಯಾಪ್ತಿಯನ್ನು ಅಳೆಯುವ ಫೀಲ್ಡ್ ಟೆಸ್ಟ್ ಮಾಡಿದಾಗ ಎಡಗಣ್ಣಿಗೆ ಕಾಣದ ಕಪ್ಪು ಪ್ರದೇಶ ಹಿಗ್ಗಿರುವುದು ಸ್ಪಷ್ಟವಾಗಿ ಕಂಡಿತು. ಪರೀಕ್ಷೆಯಲ್ಲಿ ತಪ್ಪಾಗಿರಬಹುದೆಂದು ವೈದ್ಯರು ಇನ್ನೊಂದು ದಿನ ಕರೆಸಿ ಮತ್ತೆ ಮಾಡಿಸಿದರು, ಫಲಿತಾಂಶ ಬದಲಾಗಲಿಲ್ಲ. ಒತ್ತಡ ಸರಿಯಾಗಿದ್ದೂ ನರ ಏಕೆ ಸವೆಯುತ್ತಿದೆ ಎಂದು ಯೋಚಿಸುತ್ತಾ, ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡುತ್ತೀರಿ ಎಂದು ವಿಚಾರಿಸಿದರು. ಶೀರ್ಷಾಸನದ ಮಾತು ಬಂದೊಡನೆ ಪೆನ್ನು ಕೆಳಗಿಟ್ಟು, ಇಂದಿನಿಂದಲೇ ನಿಲ್ಲಿಸಿ ಎಂದರು. ಹಾನಿಯೆಲ್ಲವೂ ಅದರಿಂದಲೇ ಆಯಿತೆಂದು ಯಾರೂ ಹೇಳಲಾರರು ಎಂಬುದನ್ನೂ ಅವರು ಪ್ರಾಮಾಣಿಕವಾಗಿ ತಿಳಿಸಿದರು. ಆದರೆ ರೋಗಗ್ರಸ್ತ ನರದ ಮೇಲೆ ದಿನದಿನವೂ ಇಂಥ ಹೊರೆ ಬೀಳಬಾರದೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಅವರು ವಿವರಿಸಿದ ಕಾರಣವನ್ನು ಪ್ರತಿಯೊಬ್ಬ ಗ್ಲಾಕೋಮಾ ರೋಗಿಯೂ ಅರಿತಿರಬೇಕು. ಕಣ್ಣಿನೊಳಗೆ ಒಂದು ತಿಳಿಯಾದ ದ್ರವ ಸದಾ ಉತ್ಪತ್ತಿಯಾಗುತ್ತಿರುತ್ತದೆ. ಅದು ಕಣ್ಣಿನ ಮುಂಭಾಗದ ಅಂಚಿನಲ್ಲಿರುವ ಜಾಲರಿಯಂಥ ಅಂಗಾಂಶದ ಮೂಲಕ ಸೋಸಿಹೋಗಿ, ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳನ್ನು ಸೇರುತ್ತದೆ. ತಲೆ ಹೃದಯಕ್ಕಿಂತ ಕೆಳಗಾದಾಗ ಆ ರಕ್ತನಾಳಗಳಲ್ಲಿಯೇ ಒತ್ತಡ ಏರುವುದರಿಂದ ದ್ರವ ಹೊರಹೋಗುವ ದಾರಿ ಕಟ್ಟಿದಂತಾಗುತ್ತದೆ, ಜೊತೆಗೆ ಕಣ್ಣಿನ ಒಳಪದರವೂ ರಕ್ತದಿಂದ ಉಬ್ಬಿಕೊಳ್ಳುತ್ತದೆ. ಯೋಗದಲ್ಲಿ ಪಳಗಿದವರನ್ನೇ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಶೀರ್ಷಾಸನದ ವೇಳೆ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗಿತ್ತು. ಸಾಮಾನ್ಯವಾಗಿ ಈ ಒತ್ತಡ ಪಾದರಸದ 10ರಿಂದ 21 ಮಿಲಿಮೀಟರ್‌ನಷ್ಟಿರುತ್ತದೆ, ಅದು ಎರಡು ಪಟ್ಟಾದರೆ ಎಲ್ಲಿಗೆ ಮುಟ್ಟುತ್ತದೆಂದು ನೀವೇ ಲೆಕ್ಕ ಹಾಕಬಹುದು. ಅಭ್ಯಾಸವಾದರೆ ಸರಿಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಶೀರ್ಷಾಸನವೊಂದೇ ಅಲ್ಲ. 2015ರ ಇನ್ನೊಂದು ಅಧ್ಯಯನದಲ್ಲಿ ಅಧೋಮುಖ ಶ್ವಾನಾಸನ, ಉತ್ತಾನಾಸನ, ಹಲಾಸನ ಮತ್ತು ವಿಪರೀತಕರಣಿ ಈ ನಾಲ್ಕರಲ್ಲಿಯೂ ಗ್ಲಾಕೋಮಾ ಇದ್ದವರಿಗೂ ಇಲ್ಲದವರಿಗೂ ಒಂದು ನಿಮಿಷದೊಳಗೆ ಒತ್ತಡ ಏರಿತು, ಅದರಲ್ಲೂ ಬಹುತೇಕರು ಸುಲಭವೆಂದು ಭಾವಿಸುವ ಅಧೋಮುಖ ಶ್ವಾನಾಸನದಲ್ಲಿ ಅತಿ ಹೆಚ್ಚು.

ಆಸನದಿಂದ ಎದ್ದು ಕುಳಿತ ಸುಮಾರು ಎರಡು ನಿಮಿಷಗಳಲ್ಲಿ ಒತ್ತಡ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಇಳಿಯುತ್ತದೆ. ನಾನು ಮೋಸಹೋದದ್ದು ಇಲ್ಲಿಯೇ. ಆಸ್ಪತ್ರೆಯಲ್ಲಿ ಒತ್ತಡವನ್ನು ಅಳೆಯುವುದು ಕುಳಿತ ಭಂಗಿಯಲ್ಲಿ, ವ್ಯಾಯಾಮ ಮುಗಿದು ಎಷ್ಟೋ ಹೊತ್ತಾದ ಮೇಲೆ. ಆಸನದ ವೇಳೆ ಆದ ಏರಿಳಿತದ ಸುಳಿವು ಆ ಅಂಕಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಒತ್ತಡ ಸರಿಯಾಗಿದೆ ಎಂಬ ಒಂದೇ ಕಾರಣದಿಂದ ನಿಮ್ಮ ವ್ಯಾಯಾಮವೂ ಸರಿಯಾಗಿದೆ ಎಂದು ತೀರ್ಮಾನಿಸಬೇಡಿ. ವೈದ್ಯರು ಕೇಳದಿದ್ದರೂ ನೀವಾಗಿಯೇ ಪ್ರತಿ ಆಸನದ, ಪ್ರತಿ ಕಸರತ್ತಿನ ಹೆಸರು ಹೇಳಿ, ಬೇಕಾದರೆ ಮಾಡಿ ತೋರಿಸಿ. ಬರೀ ಯೋಗ ಮಾಡುತ್ತೇನೆ ಎಂದರೆ ಅವರು ಪ್ರಾಣಾಯಾಮವೆಂದೋ ಕೈಕಾಲು ಚಾಚುವುದೆಂದೋ ತಿಳಿಯುವ ಸಾಧ್ಯತೆಯೇ ಹೆಚ್ಚು.

ಯೋಗ ಬಿಟ್ಟು ಜಿಮ್‌ಗೆ ಹೋಗುವವರೂ ಎಚ್ಚರದಿಂದಿರಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿದು ತಿಣುಕಿದರೆ ಎದೆಯೊಳಗಿನ ಒತ್ತಡ ಏರಿ, ಅದು ಕಣ್ಣಿನವರೆಗೂ ತಲುಪುತ್ತದೆ. ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದು) ಮಾಡುವಾಗ ಅಳೆದು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಉಸಿರು ಹಿಡಿದಾಗ ಸರಾಸರಿ 4.3 ಮಿಲಿಮೀಟರ್, ಸಹಜವಾಗಿ ಉಸಿರಾಡಿದಾಗ 2.2 ಮಿಲಿಮೀಟರ್ ಏರಿಕೆ ಕಂಡುಬಂದಿತ್ತು. ಕಡಿಮೆ ಭಾರವನ್ನು, ಎತ್ತುವಾಗ ಉಸಿರು ಹೊರಬಿಡುತ್ತಾ ಎತ್ತುವುದು ಲೇಸು. ತಲೆ ಕೆಳಗಾಗುವ ಓರೆ ಬೆಂಚುಗಳು ನಮಗೆ ಬೇಡವೇ ಬೇಡ. ಈಜುವವರು ಕಣ್ಣುಗುಳಿಯೊಳಗೆ ಒತ್ತಿ ಕೂರುವ ಸಣ್ಣ ಕನ್ನಡಕಗಳ ಬದಲು ಅಗಲವಾದವನ್ನು ಆರಿಸಿಕೊಳ್ಳಬೇಕು. ದಣಿವಾರಿಸಿಕೊಳ್ಳಲು ಒಂದೇ ಗುಕ್ಕಿಗೆ ಲೀಟರ್‌ಗಟ್ಟಲೆ ನೀರು ಕುಡಿಯುವುದೂ ಒತ್ತಡವನ್ನು ಏರಿಸುತ್ತದೆ, ಸ್ವಲ್ಪಸ್ವಲ್ಪವಾಗಿ ಕುಡಿಯಿರಿ.

ಇದನ್ನೆಲ್ಲ ಓದಿ ದಯವಿಟ್ಟು ವ್ಯಾಯಾಮವನ್ನೇ ಬಿಟ್ಟುಬಿಡಬೇಡಿ. ಬಿರುಸು ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್ ಮುಂತಾದವುಗಳಿಂದ ಕಣ್ಣಿನ ಒತ್ತಡ ಕೆಲಕಾಲ ಇಳಿಯುತ್ತದೆಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ನಾನೀಗ ದಿನವೂ ನಡೆಯುತ್ತೇನೆ. ಇಲ್ಲಿಯೂ ಕೆಲವರು ತಮ್ಮ ಸ್ಥಿತಿಯನ್ನು ನೋಡಿಕೊಳ್ಳಬೇಕು. ಪಿಗ್ಮೆಂಟರಿ ಎಂಬ ಬಗೆಯ ಗ್ಲಾಕೋಮಾ ಇರುವವರಲ್ಲಿ ಕುಲುಕಾಡುವ ಓಟ, ಜಿಗಿತಗಳಿಂದ ಕಣ್ಣಿನೊಳಗಿನ ಬಣ್ಣದ ಕಣಗಳು ಉದುರಿ ಒತ್ತಡ ಏರಬಹುದು. ಟಿಮೊಲಾಲ್ ಹನಿ ಹಾಕುವವರಿಗೆ ಹೃದಯದ ಬಡಿತ ಇತರರಷ್ಟು ಏರುವುದಿಲ್ಲ, ಯಂತ್ರ ತೋರಿಸುವ ಗುರಿಯನ್ನು ಮುಟ್ಟಲೆಂದು ಅವರು ದೇಹವನ್ನು ದಂಡಿಸಬಾರದು. ಅಕ್ಕಪಕ್ಕದ ನೋಟ ಕುಗ್ಗಿದವರಿಗೆ ರಸ್ತೆಯಲ್ಲಿ ಸೈಕಲ್ ತುಳಿಯುವುದು, ವೇಗವಾಗಿ ಬರುವ ಚೆಂಡಿನ ಆಟಗಳು ಅಪಾಯಕಾರಿ. ಶಸ್ತ್ರಚಿಕಿತ್ಸೆಯಾದವರು ಬಗ್ಗುವುದಕ್ಕೂ ಭಾರ ಎತ್ತುವುದಕ್ಕೂ ಈಜುವುದಕ್ಕೂ ಶಸ್ತ್ರಚಿಕಿತ್ಸಕರ ಅನುಮತಿಗಾಗಿ ಕಾಯಲೇಬೇಕು.

ಯೋಗ ತರಗತಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ, ತಲೆ ಕೆಳಗಾಗುವ ಪ್ರತಿ ಆಸನದ ಬದಲಿಗೆ ಕುಳಿತು ಅಥವಾ ನೇರವಾಗಿ ನಿಂತು ಮಾಡುವುದನ್ನು ಕೊಡಿ ಎಂದು ಮೊದಲ ದಿನವೇ ಕೇಳಿ. ಹಾಗೆ ಕೊಡಲು ಒಪ್ಪುವ ಶಿಕ್ಷಕರು ಖಂಡಿತ ಇದ್ದಾರೆ. ಒಪ್ಪದೆ, ಹನಿಯನ್ನೇ ಬಿಡಿಸುತ್ತೇನೆ ಎನ್ನುವವರ ಬಳಿ ಎರಡನೆಯ ದಿನ ಹೋಗಬೇಡಿ.