1992ರ ಮಿಯಾಟಾ, ಜೊತೆಗೆ ಭಾವಮೈದನ ಹೊಸ ಮಿಯಾಟಾ: ವರ್ಷಗಟ್ಟಲೆ ಎರಡನ್ನೂ ಓಡಿಸಿದವನ ವಿಮರ್ಶೆ

ನನ್ನ ಹತ್ತಿರ ಇರುವುದು 1992ರ ಮಜ್ದಾ ಮಿಯಾಟಾ. ಯುರೋಪಿನಲ್ಲಿ ಇದನ್ನೇ ಎಂಎಕ್ಸ್-5 ಅಂತ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂತ ಮಾರಿದರು. ಎರಡೇ ಸೀಟು, ಮಡಚುವ ಟಾಪು, 1.6 ಲೀಟರ್ ಎಂಜಿನ್, 5 ಗೇರು, ಸ್ವಿಚ್ ಒತ್ತಿದರೆ ಬಾನೆಟ್ಟಿನಿಂದ ಎದ್ದು ನಿಲ್ಲುವ ಹೆಡ್‌ಲೈಟು. ಮನೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಮಳೆ ಕಮ್ಮಿ, ಹಾಗಾಗಿ ವರ್ಷದ ಬಹುಪಾಲು ಟಾಪ್ ಇಳಿಸಿಯೇ ಓಡಿಸುತ್ತೇನೆ. ಭಾವಮೈದನ ಹತ್ತಿರ 2019ರ ಹೊಸ ಮಿಯಾಟಾ ಇದೆ. ಅವನಿಗೆ ನನ್ನದು ಬೇಕು ಅನಿಸಿದಾಗ ಅದಲು ಬದಲು ಮಾಡಿಕೊಳ್ಳುತ್ತೇವೆ, ಕೆಲವೊಮ್ಮೆ ವಾರಗಟ್ಟಲೆ. ಹಾಗಾಗಿ ಹಳೇ ಸ್ಪೋರ್ಟ್ಸ್ ಕಾರು ಚೆನ್ನಾ ಹೊಸದು ಚೆನ್ನಾ ಅನ್ನುವ ಜಗಳದಲ್ಲಿ ನಾನು ಎರಡೂ ಕಡೆ ಕೂತು ನೋಡಿದವನು.

ನಂಬರುಗಳನ್ನು ಮೊದಲೇ ಹೇಳಿ ಮುಗಿಸುತ್ತೇನೆ. ನನ್ನ ಕಾರಿಗೆ ಹೊಸದಿದ್ದಾಗ 116 ಹಾರ್ಸ್‌ಪವರ್. ಸೊನ್ನೆಯಿಂದ 100 ಕಿಲೋಮೀಟರ್ ವೇಗಕ್ಕೆ ಸುಮಾರು 9 ಸೆಕೆಂಡು ಬೇಕು. ಸಿಗ್ನಲ್ಲಿನಲ್ಲಿ ಪಕ್ಕ ನಿಂತ, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಕೂತಿರುವ ಎಲೆಕ್ಟ್ರಿಕ್ ಎಸ್‌ಯುವಿ ಇದನ್ನು ಹಿಂದೆ ಹಾಕಿ ಹೋಗುತ್ತದೆ, ಓಡಿಸುವವರಿಗೆ ಪಕ್ಕದಲ್ಲಿ ಒಂದು ಸ್ಪೋರ್ಟ್ಸ್ ಕಾರು ಇತ್ತು ಅನ್ನುವುದೂ ಗೊತ್ತಾಗಿರುವುದಿಲ್ಲ. ಭಾವಮೈದನ ಕಾರಿಗೆ 181 ಹಾರ್ಸ್‌ಪವರ್, ಅದು ಅದೇ ಕೆಲಸವನ್ನು 6 ಸೆಕೆಂಡಿನ ಆಸುಪಾಸಿನಲ್ಲಿ ಮಾಡುತ್ತದೆ.

ಆದರೂ ಬೆಟ್ಟದ ದಾರಿಗೆ ಹೊರಟಾಗ ನನ್ನ ಕೈ ಹಳೇ ಕಾರಿನ ಕೀಗೇ ಹೋಗುತ್ತದೆ. ಯಾಕೆ ಅಂತ ಬಹಳ ದಿನ ಯೋಚನೆ ಮಾಡಿದ್ದೇನೆ. ನನಗೆ ಸಿಕ್ಕ ಉತ್ತರ ಸರಳ. ಈ ಕಾರಿನಲ್ಲಿ ಇರುವುದನ್ನೆಲ್ಲ ನಾನು ಬಳಸಬಹುದು. ಎರಡನೇ ಗೇರಿನಲ್ಲಿ ಎಂಜಿನ್ ಕಿರುಚುವವರೆಗೆ ಎಳೆದರೂ ಗಂಟೆಗೆ 90 ಕಿಲೋಮೀಟರ್ ಆಸುಪಾಸಿನಲ್ಲಿ ಇರುತ್ತೀರಿ. ಅಂದರೆ ಎಕ್ಸಲರೇಟರ್ ಪೂರ್ತಿ ತುಳಿಯುವುದು, ಎಂಜಿನ್ನಿನ ಮೇಲಿನ ತುದಿಯವರೆಗೆ ಹೋಗುವುದು, ಗೇರ್ ಬದಲಿಸುವುದು, ಇಷ್ಟೆಲ್ಲ ಮಾಡಿದರೂ ಲೈಸೆನ್ಸ್ ಉಳಿದಿರುತ್ತದೆ. ಇತ್ತೀಚಿನವರೆಗೆ ಬರುತ್ತಿದ್ದ ಪೋರ್ಷೆ 718 ಕೇಮನ್ ಜಿಟಿ4 ತಗೊಳ್ಳಿ. ಅದ್ಭುತ ಕಾರು, 414 ಹಾರ್ಸ್‌ಪವರ್, ಈ ಕಾಲದಲ್ಲೂ ಮ್ಯಾನುಯಲ್ ಗೇರು ಕೊಟ್ಟಿದ್ದರು. ಆದರೆ ಅದರ ಎರಡನೇ ಗೇರೇ 130 ಕಿಲೋಮೀಟರ್ ದಾಟಿ ಹೋಗುತ್ತದೆ. ಇಲ್ಲಿನ ಹೆಚ್ಚಿನ ಹೈವೇಗಳ ಮಿತಿ 65 ಮೈಲಿ, ಅಂದರೆ 105 ಕಿಲೋಮೀಟರ್ ಮಾತ್ರ. ಒಂದು ಗೇರನ್ನು ಪೂರ್ತಿ ಎಳೆಯುವ ಹೊತ್ತಿಗೆ ಪೊಲೀಸರಿಗೆ ಕೆಲಸ ಸಿಕ್ಕಿರುತ್ತದೆ. ಅಷ್ಟು ದುಡ್ಡು ಕೊಟ್ಟು ಅರ್ಧ ಕಾರನ್ನು ಟ್ರ್ಯಾಕಿಗೆ ಅಂತ ಎತ್ತಿಟ್ಟ ಹಾಗಾಯಿತು, ಅಲ್ವಾ?

ನನ್ನದು ಬೇಸ್ ಮಾಡೆಲ್, ಪವರ್ ಸ್ಟೀರಿಂಗ್ ಇಲ್ಲ. ಕಾಸ್ಟ್‌ಕೋ ಅಂಗಡಿಯ ಪಾರ್ಕಿಂಗಿನಲ್ಲಿ ತಿರುಗಿಸುವಾಗ ತೋಳು ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ವುಡ್‌ಸೈಡ್‌ನಿಂದ ಹೈವೇ 84ರಲ್ಲಿ ಮೇಲೆ ಹತ್ತಿ, ಸ್ಕೈಲೈನ್ ದಾಟಿ ಲಾ ಹೋಂಡಾ ಕಡೆಗೆ ಇಳಿಯುವ ತಿರುವುಗಳಲ್ಲಿ ಆ ಸ್ಟೀರಿಂಗ್ ಏನು ಮಾಡುತ್ತದೆ ಅಂತ ಕೇಳಿ. ರೆಡ್‌ವುಡ್ ಮರಗಳ ನೆರಳಲ್ಲಿ ರಸ್ತೆ ಒದ್ದೆ ಇದ್ದರೆ ಕೈಗೆ ತಿಳಿಯುತ್ತದೆ. ಮುಂದಿನ ಟೈರು ಹಿಡಿತ ಬಿಡಲು ಶುರು ಮಾಡಿದರೆ ಸ್ಟೀರಿಂಗ್ ಹಗುರ ಆಗುತ್ತದೆ, ಕಾರು ಜಾರುವುದಕ್ಕೆ ಎಷ್ಟೋ ಮೊದಲೇ. ನಡುವೆ ಮೋಟರ್ ಇಲ್ಲ, ಕಂಪ್ಯೂಟರ್ ಇಲ್ಲ. ಟೈರು, ರ‍್ಯಾಕ್ (ಸ್ಟೀರಿಂಗ್ ತಿರುಗಿದಂತೆ ಚಕ್ರ ತಿರುಗಿಸುವ ಹಲ್ಲಿನ ಸರಳು), ಕೈ, ಅಷ್ಟೇ. ಟೈರು ಕೂಡ ಸಣ್ಣದು, 185 ಮಿಲಿಮೀಟರ್ ಅಗಲ, 14 ಇಂಚಿನ ಚಕ್ರ, ಈಗಿನ ಎಷ್ಟೋ ಸಾದಾ ಕಾರುಗಳಿಗೂ ಇದಕ್ಕಿಂತ ಅಗಲದ ಟೈರು ಇರುತ್ತದೆ. ಹಿಡಿತ ಕಮ್ಮಿ ಇರುವುದರಿಂದಲೇ ಅದು ಎಲ್ಲಿ ಮುಗಿಯುತ್ತದೆ ಅಂತ ನಿಧಾನವಾದ ವೇಗದಲ್ಲೇ ಗೊತ್ತಾಗುತ್ತದೆ. ನನ್ನಂಥ ಸಾಧಾರಣ ಡ್ರೈವರ್‌ಗೆ ಅದೇ ಬೇಕಾಗಿದ್ದದ್ದು.

ಗೇರ್ ಲಿವರ್ ಬಗ್ಗೆ ಹೇಳದಿದ್ದರೆ ಪಾಪ. ಮಣಿಕಟ್ಟು ಸ್ವಲ್ಪ ಆಡಿಸಿದರೆ ಸಾಕು, ಟಕ್ ಅಂತ ಕೂರುತ್ತದೆ. ಗೇರ್‌ಬಾಕ್ಸನ್ನೂ, ಶಕ್ತಿಯನ್ನು ಎರಡು ಹಿಂದಿನ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ಲನ್ನೂ ಒಂದು ಉದ್ದನೆಯ ಅಲ್ಯೂಮಿನಿಯಂ ಫ್ರೇಮಿನಿಂದ ಬಿಗಿದು ಸೇರಿಸಿದ್ದಾರೆ, ಹಾಗಾಗಿ ಎಕ್ಸಲರೇಟರ್ ಒತ್ತಿದಾಗ ಎಲ್ಲೂ ಜೋಲಿ ಹೊಡೆಯದೆ ನೇರ ಹಿಂದಿನ ಚಕ್ರಕ್ಕೆ ಮುಟ್ಟಿದ ಹಾಗೆ ಅನಿಸುತ್ತದೆ. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಬಂದಾಗ 14 ಸಾವಿರ ಡಾಲರ್ ಒಳಗಿನ ಕಾರು ಇದು. ಅಷ್ಟು ಅಗ್ಗದ ಕಾರಿಗೆ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿಯುವ ದುಬಾರಿ ಜೋಡಣೆ ಕೊಟ್ಟಿದ್ದರು. ಲೆಕ್ಕದವರನ್ನು ಹೇಗೆ ಒಪ್ಪಿಸಿದರೋ ಗೊತ್ತಿಲ್ಲ.

"ಇದೆಲ್ಲ ಸುಮ್ನೆ ಹಳೇ ನೆನಪಿನ ಮೋಹ" ಅಂತ ಹೇಳುವವರಿಗೆ ನನ್ನ ಉತ್ತರ ಇದೆ. ಅಮೆರಿಕದವರಿಗೆ ಇರಬಹುದು, ಅವರ ಪಕ್ಕದ ಮನೆಯವರು ಇದನ್ನು ಇಟ್ಟಿದ್ದರೇನೋ. ನಾನು ಬೆಳೆದದ್ದು ತೀರ್ಥಹಳ್ಳಿಯಲ್ಲಿ. ಮಜ್ದಾ ಭಾರತದಲ್ಲಿ ಕಾರು ಮಾರಿದ್ದೇ ಇಲ್ಲ. ನಾನು ಚಿಕ್ಕಂದಿನಲ್ಲಿ ಮಿಯಾಟಾದ ಚಿತ್ರ ಕೂಡ ನೋಡಿರಲಿಲ್ಲ. ಆಗ ನಮಗೆ ಗೊತ್ತಿದ್ದ ಎರಡು ಸೀಟಿನ ದೇಸೀ ಕಾರು ಅಂದರೆ ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್, ಅದೂ ಮ್ಯಾಗಜೀನಿನಲ್ಲಿ ಮಾತ್ರ. ಆದರೆ ಒಂದು ನಂಟು ಇದೆ. ನಾನು ಡ್ರೈವಿಂಗ್ ಕಲಿತದ್ದು ಮಾರುತಿ 800ರಲ್ಲಿ, ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಹತ್ತಿ ಇಳಿದು. 37 ಹಾರ್ಸ್‌ಪವರ್, ಪವರ್ ಸ್ಟೀರಿಂಗ್ ಇಲ್ಲ, ತೂಕವೇ ಇಲ್ಲದ ಕಾರು. ಒಂದು ತಿರುವಿನಲ್ಲಿ ವೇಗ ಕಳೆದುಕೊಂಡರೆ ಮತ್ತೆ ಬರಲು ಮುಂದಿನ ತಿರುವಿನವರೆಗೆ ಕಾಯಬೇಕು, ಹಾಗಾಗಿ ಗೇರು ಯಾವಾಗ ಇಳಿಸಬೇಕು ಅಂತ ತಲೆ ಓಡಿಸಲೇಬೇಕು. ಮಿಯಾಟಾದಲ್ಲಿ ಮೊದಲ ಸಲ ಕೂತಾಗ ಅದೇ ಕೆಲಸ ಮತ್ತೆ ಕೈಗೆ ಬಂತು. ಆ ಕೆಲಸವೇ ನನಗೆ ಖುಷಿ, ಕಾರಿನ ವಯಸ್ಸಲ್ಲ.

ಹಳೆಯದೆಲ್ಲ ಚಿನ್ನ ಅಂತಲೂ ತಿಳಿಯಬೇಡಿ. ಮಿಯಾಟಾಗೆ ಸ್ಫೂರ್ತಿ ಆದ 60ರ ದಶಕದ ಬ್ರಿಟಿಷ್ ಕಾರುಗಳು ನೋಡಲು ಚಂದ, ಆಯಿಲ್ ಸೋರಿಕೆಯನ್ನೂ ವೈರಿಂಗನ್ನೂ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು. ಹಳೇ ಪೋರ್ಷೆ 911 ಟರ್ಬೋದಲ್ಲಿ ತಿರುವಿನ ಮಧ್ಯೆ ಹೆದರಿ ಎಕ್ಸಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಮುಂದೆ ಬರುತ್ತದೆ. ನನಗೆ ಅದು ಬೇಡ.

ಈಗ ಹೊಸ ಮಿಯಾಟಾ ವಿಷಯ. ಅದನ್ನು ಬೈಯಲು ಮನಸ್ಸಿಲ್ಲ. ಎಲ್ಲ ಕಾರುಗಳೂ ಊದಿಕೊಳ್ಳುತ್ತಿರುವ ಕಾಲದಲ್ಲಿ 2015ರಲ್ಲಿ ಬಂದ ಈ ಪೀಳಿಗೆ ಉದ್ದದಲ್ಲಿ ನನ್ನ ಕಾರಿಗಿಂತ 3 ಸೆಂಟಿಮೀಟರ್ ಚಿಕ್ಕದು, ನಂಬುತ್ತೀರಾ? ತೂಕ ನನ್ನದಕ್ಕಿಂತ 100 ಕಿಲೋ ಆಸುಪಾಸು ಜಾಸ್ತಿ, ಏರ್‌ಬ್ಯಾಗು, ಕಾರು ಜಾರದಂತೆ ತಾನೇ ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಎಲ್ಲ ಸೇರಿಯೂ ಅಷ್ಟೇ. 1989ರ 911ಕ್ಕೂ ಈಗಿನ 911ಕ್ಕೂ ಹೋಲಿಸಿ ನೋಡಿ, ಅಗಲ ಒಂದೇ 1,652 ಮಿಲಿಮೀಟರಿನಿಂದ 1,852ಕ್ಕೆ ಹೋಗಿದೆ. 20 ಸೆಂಟಿಮೀಟರ್! ಸಾರಟೋಗಾದಿಂದ ಮೇಲೆ ಹತ್ತುವ ಹೈವೇ 9ರ ಲೇನುಗಳನ್ನು ಅದಕ್ಕೆ ತಕ್ಕಂತೆ ಯಾರೂ ಅಗಲ ಮಾಡಿಲ್ಲ. ಕಾರು ಚಿಕ್ಕದಿದ್ದರೆ ಲೇನಿನ ಒಳಗೇ ಜಾಗ ಉಳಿಯುತ್ತದೆ, ತಿರುವಿಗೆ ಎಲ್ಲಿಂದ ಒಳಗೆ ಹೋಗಬೇಕು ಅಂತ ಆರಿಸಿಕೊಳ್ಳಬಹುದು. ದೊಡ್ಡ ಕಾರಿನಲ್ಲಿ ಗೆರೆಗಳ ಮಧ್ಯೆ ಇರುವುದೇ ಕೆಲಸ ಆಗಿಬಿಡುತ್ತದೆ.

ಹೊಸದರ ಎಂಜಿನ್ 7,500 ಆರ್‌ಪಿಎಂವರೆಗೆ ಖುಷಿಯಿಂದ ಹೋಗುತ್ತದೆ, ನನ್ನದಕ್ಕಿಂತ ಒಳ್ಳೆ ಎಂಜಿನ್ ಅದು, ಒಪ್ಪುತ್ತೇನೆ. ಎಸಿ ನಿಜವಾಗಿ ತಣ್ಣಗೆ ಮಾಡುತ್ತದೆ. ಸ್ಟೀರಿಂಗ್ ಎಲೆಕ್ಟ್ರಿಕ್, ಸರಿಯಾಗಿ, ಚುರುಕಾಗಿ ತಿರುಗುತ್ತದೆ, ಆದರೆ ರಸ್ತೆಯ ಸುದ್ದಿಯನ್ನು ಸಾರಾಂಶ ಮಾಡಿ ಕೊಡುತ್ತದೆ. ಲಾ ಹೋಂಡಾ ಇಳಿಜಾರಿನಲ್ಲಿ ಅದೇ ಒದ್ದೆ ಜಾಗ ಬಂದರೆ ಹೊಸ ಕಾರಿನಲ್ಲಿ ಮೊದಲು ಗೊತ್ತಾಗುವುದು ಡ್ಯಾಶ್‌ಬೋರ್ಡಿನಲ್ಲಿ ಮಿಣುಕುವ ದೀಪದಿಂದ. ಕಾರು ತಾನೇ ಸಂಭಾಳಿಸಿ, ಆಮೇಲೆ ನನಗೆ ತಿಳಿಸುತ್ತದೆ. ಸುರಕ್ಷತೆಗೆ ಅದು ಒಳ್ಳೆಯದೇ. ಒಂದೇ ಕಾರು ಇಟ್ಟುಕೊಳ್ಳುವವರು, ದಿನಾ ಆಫೀಸಿಗೆ ಹೋಗುವವರು ಕಣ್ಣು ಮುಚ್ಚಿ ಹೊಸದನ್ನೇ ತಗೊಳ್ಳಿ. ಭಾವಮೈದ ನನ್ನ ಕಾರು ವಾಪಸ್ ಕೊಡುವಾಗ ಪ್ರತಿ ಸಲ ಹೇಳುವುದು ಒಂದೇ: "ಭಾವ, ಮಜಾ ಇದೆ, ಆದ್ರೆ ಬೆನ್ನು ಹೋಯ್ತು."

ಸುರಕ್ಷತೆ ಬಗ್ಗೆ ಮುಚ್ಚಿಡುವುದಿಲ್ಲ. ನನ್ನ ಕಾರಿನಲ್ಲಿ ಡ್ರೈವರ್‌ಗೆ ಮಾತ್ರ ಏರ್‌ಬ್ಯಾಗು. ಎಬಿಎಸ್ ಇಲ್ಲ. ಹೈವೇ 101ರಲ್ಲಿ ಸಂಜೆ ಪಿಕಪ್ ಟ್ರಕ್ಕುಗಳ ಪಕ್ಕ ಹೋಗುವಾಗ ನನ್ನ ತಲೆ ಅವುಗಳ ಚಕ್ರದ ಮಟ್ಟಕ್ಕೆ ಇರುತ್ತದೆ. ಅವರಿಗೆ ನಾನು ಕಾಣುವುದೇ ಇಲ್ಲ ಅಂತ ತಿಳಿದೇ ಓಡಿಸಬೇಕು. ಮಗಳನ್ನು ಇದರಲ್ಲಿ ಫ್ರೀವೇಗೆ ಕರೆದುಕೊಂಡು ಹೋಗುವುದಿಲ್ಲ, ಮನೆಯಲ್ಲಿ ಈ ವಿಷಯಕ್ಕೆ ಚರ್ಚೆಯೂ ಇಲ್ಲ.

ಖರ್ಚು, ರಿಪೇರಿ. ಇಲ್ಲಿ ಹಳೇ ಕಾರು ನನಗೆ ಆಶ್ಚರ್ಯ ಕೊಟ್ಟಿದೆ. ಎಂಜಿನ್ ಸುತ್ತ ಕೈ ಹೋಗುವಷ್ಟು ಜಾಗ ಇದೆ. ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಆಡಿಸುವ ಟೈಮಿಂಗ್ ಬೆಲ್ಟನ್ನು 60 ಸಾವಿರ ಮೈಲಿಗೆ ಬದಲಿಸಬೇಕು, ಆದರೆ ಅಕಸ್ಮಾತ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ಹೊಡೆಯುವುದಿಲ್ಲ, ಎಂಜಿನ್ ಹಾಗೆ ಕಟ್ಟಿದ್ದಾರೆ. ಚೆಕ್ ಎಂಜಿನ್ ದೀಪ ಬಂದರೆ ಸ್ಕ್ಯಾನರ್ ಬೇಡ. ಬಾನೆಟ್ ಕೆಳಗೆ ಒಂದು ಚಿಕ್ಕ ಡಯಾಗ್ನೋಸಿಸ್ ಡಬ್ಬಿ ಇದೆ, ಅದರಲ್ಲಿ ಎರಡು ಪಿನ್ನುಗಳನ್ನು ವೈರಿನಿಂದ ಸೇರಿಸಿ ಇಗ್ನಿಷನ್ ಆನ್ ಮಾಡಿದರೆ ದೀಪ ಮಿಣುಕುತ್ತದೆ, ಎಣಿಸಿಕೊಂಡರೆ ಕೋಡ್ ಸಿಗುತ್ತದೆ. ಹಾಳಾಗುವ ಪಾರ್ಟು ಯಾವುದು ಅಂತ ಎಲ್ಲರಿಗೂ ಗೊತ್ತು: ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್, ಎಂಜಿನ್ ಹಿಂದುಗಡೆ ಆಯಿಲ್ ಜಿನುಗಿಸುವ ಕ್ಯಾಮ್ ಸೆನ್ಸರಿನ ರಬ್ಬರ್ ರಿಂಗ್. ಎರಡನೆಯದು ಕೆಲವೇ ಡಾಲರಿನ ವಸ್ತು. ಒಂದು ಗ್ಯಾರೇಜಿನವರು ಅದೇ ಸೋರಿಕೆ ನೋಡಿ ಎಂಜಿನ್ ಇಳಿಸಬೇಕು ಅಂದಿದ್ದರು, ಥ್ಯಾಂಕ್ಸ್ ಹೇಳಿ ಬಂದೆ. ಸಾವಿರಾರು ಜನ ಇದೇ ಕಾರನ್ನು ಬಿಚ್ಚಿ ಜೋಡಿಸಿರುವುದರಿಂದ ಬಿಡಿ ಭಾಗಗಳಿಗೆ ಕೊರತೆ ಇಲ್ಲ, ಮಜ್ದಾ ಕೂಡ 2017ರಲ್ಲಿ ಜಪಾನಿನಲ್ಲಿ ಈ ಪೀಳಿಗೆಗೆ ರಿಸ್ಟೋರೇಷನ್ ಕಾರ್ಯಕ್ರಮ ಘೋಷಿಸಿ ಟಾಪು, ಟೈರು, ಮರದ ಸ್ಟೀರಿಂಗ್ ಇಂಥವನ್ನೆಲ್ಲ ಮತ್ತೆ ಮಾಡಿಸಿತು.

ತಲೆನೋವು ಎರಡು. ಒಂದು ಎಸಿ. 1993ರವರೆಗಿನ ಕಾರಿಗೆ ಆರ್-12 ಗ್ಯಾಸು, ಅಮೆರಿಕದಲ್ಲಿ ಅದರ ತಯಾರಿಕೆ 1995ಕ್ಕೇ ನಿಂತಿದೆ, ಹಾಗಾಗಿ ಹೊಸ ಗ್ಯಾಸಿಗೆ ಬದಲಿಸಿಕೊಳ್ಳಬೇಕು, ಬದಲಿಸಿದ ಮೇಲೂ ತಂಪು ಅಷ್ಟಕ್ಕಷ್ಟೇ. ಇನ್ನೊಂದು ಸ್ಮಾಗ್ ಟೆಸ್ಟ್. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿಸಬೇಕು, ನಮ್ಮ ಕಡೆ ಹಳೇ ಕಾರನ್ನು ರೋಲರ್ ಮೇಲೆ ಓಡಿಸಿ ಹೊಗೆ ಅಳೆಯುತ್ತಾರೆ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೋತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಟೆಸ್ಟಿಗೆ ಮೊದಲು ಫ್ರೀವೇಯಲ್ಲಿ ಚೆನ್ನಾಗಿ ಬಿಸಿ ಮಾಡಿಕೊಂಡು ಹೋಗಿ.

ಕೊಳ್ಳುವ ಯೋಚನೆ ಇರುವವರಿಗೆ. 1990 ಅಥವಾ 91ರದ್ದು ನೋಡುತ್ತಿದ್ದರೆ ಎಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕಿನ ತುದಿಯಲ್ಲಿರುವ ಪುಲ್ಲಿಯ ಮುಂಭಾಗದ ಸೀಳುಗಳನ್ನು ಎಣಿಸಿ. 4 ಇದ್ದರೆ ಹಳೇ ಚಿಕ್ಕ ಮೂಗಿನ ಕ್ರ್ಯಾಂಕ್, ಅದರ ಕೀ ಸವೆದು ಎಂಜಿನ್ ಕೆಡುವ ಚರಿತ್ರೆ ಇದೆ. 8 ಇದ್ದರೆ ನಿಶ್ಚಿಂತೆ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು, ಟಾಪ್ ಇಳಿಸುವ ಮೊದಲು ಜಿಪ್ ತೆಗೆದು ಅದನ್ನು ಮಲಗಿಸಬೇಕು, ಹಾಗೆ ಮಾಡದ ಮಾಲೀಕರ ಕಾರಿನಲ್ಲಿ ಅದು ಬಿರುಕು ಬಿಟ್ಟಿರುತ್ತದೆ, ಕಾರನ್ನು ಹೇಗೆ ಇಟ್ಟುಕೊಂಡಿದ್ದಾರೆ ಅನ್ನುವುದಕ್ಕೆ ಅದೇ ಗುರುತು. ಆಮೇಲೆ ಬಾಗಿಲಿನ ಕೆಳಗೆ, ಹಿಂದಿನ ಚಕ್ರದ ಮುಂದೆ ಬೆರಳಿನಿಂದ ಒತ್ತಿ ನೋಡಿ. ಟಾಪಿನ ನೀರು ಹೋಗುವ ತೂತು ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಮೇಲೆ ಪೇಂಟು ಹೊಳೆಯುತ್ತಲೇ ಇರುತ್ತದೆ. ಎಂಜಿನ್ ಸುಸ್ತಾಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಅಲ್ಲಿ ತುಕ್ಕು ಇದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬಿಟ್ಟು ಬನ್ನಿ.