ವ್ಯಾಪಾರದ ವೀಸಾ ಹಿಡಿದು ಇಂಗ್ಲಿಷ್ ಕಲಿಸಲು ಚೀನಾಕ್ಕೆ ಹೊರಟವರಿಗೆ ಒಂದು ಎಚ್ಚರಿಕೆ

ಚೀನಾದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸವಿದೆ, ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿಯ ಹತ್ತಿರ ಸಂಬಳ, ಉಳಿಯಲು ಉಚಿತ ಮನೆ, ಚೀನೀ ಭಾಷೆ ಬರಬೇಕೆಂದಿಲ್ಲ ಎಂಬ ಸಂದೇಶಗಳು ಬಿ.ಎಡ್., ಎಂ.ಎ. ಮುಗಿಸಿದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗಲೂ ಹರಿದಾಡುತ್ತಿವೆ. ಇಂಥದೇ ಕೆಲಸಕ್ಕೆಂದು ಬೆಂಗಳೂರಿನ ಏಜೆಂಟ್ ಒಬ್ಬರ ಮೂಲಕ ನಾನು 2023ರಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದ ಫೋಶಾನ್ ನಗರಕ್ಕೆ ಹೋಗಿದ್ದೆ. ದುಡಿದ ಸಂಬಳದ ದೊಡ್ಡ ಭಾಗವನ್ನು ಅಲ್ಲೇ ಬಿಟ್ಟು ಹಿಂದಿರುಗಬೇಕಾಯಿತು. ಏಜೆಂಟರ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ದೂರು ಇನ್ನೂ ಇತ್ಯರ್ಥವಾಗಿಲ್ಲ ಎಂಬುದು ಒಂದು ಕಾರಣ. ಇದೇ ದಂಧೆಯನ್ನು ಬೇರೆ ಬೇರೆ ಹೆಸರಿನಲ್ಲಿ ನಡೆಸುವವರು ಹಲವರಿರುವುದರಿಂದ ಒಂದು ಹೆಸರು ತಿಳಿದು ಪ್ರಯೋಜನವೂ ಕಡಿಮೆ.

ಮೊದಲು ತಿಳಿಯಬೇಕಾದ ಸಂಗತಿ ಭಾರತದ ಪಾಸ್‌ಪೋರ್ಟಿಗೆ ಸಂಬಂಧಿಸಿದ್ದು. ಚೀನಾದಲ್ಲಿ ವಿದೇಶಿಯರ ಕೆಲಸದ ಪರವಾನಗಿಗೆ 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಒಂದೇ ವ್ಯವಸ್ಥೆಯಿದೆ. ಅದರ ಪ್ರಕಾರ ಭಾಷಾ ಶಿಕ್ಷಕರು ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು, ಆ ಭಾಷೆಯ ದೇಶದಲ್ಲಿ ಪದವಿ ಪಡೆದಿರಬೇಕು, ಜೊತೆಗೆ 2 ವರ್ಷದ ಬೋಧನೆಯ ಅನುಭವ ಇರಬೇಕು. ಶಿಕ್ಷಣ ಪದವಿ ಅಥವಾ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಅದನ್ನು ಕಲಿಸುವ ತರಬೇತಿಯ ಟೆಫ್ಲ್‌ನಂಥ ಪ್ರಮಾಣಪತ್ರ ಇದ್ದರೆ ಅನುಭವದ ಷರತ್ತಿಗೆ ಮಾತ್ರ ವಿನಾಯಿತಿ ಸಿಗುತ್ತದೆ. ಆಚರಣೆಯಲ್ಲಿ ಇಂಗ್ಲಿಷ್ ಶಿಕ್ಷಕರ ಪರವಾನಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾದವರಿಗೇ ಹೆಚ್ಚಾಗಿ ಸಲ್ಲುತ್ತದೆ. ನಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದ್ದರೂ, ಎಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ್ದರೂ ಅದು ಅಲ್ಲಿ ಲೆಕ್ಕಕ್ಕೆ ಬರುವುದು ಅಪರೂಪ. ಅಂತರರಾಷ್ಟ್ರೀಯ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸುವ ಭಾರತೀಯರು ಕಾನೂನುಬದ್ಧವಾಗಿಯೇ ಇದ್ದಾರೆ. ಅವರನ್ನು ತೋರಿಸಿ ಏಜೆಂಟರು ನಮ್ಮನ್ನು ನಂಬಿಸುತ್ತಾರೆ.

ಕೆಲಸಕ್ಕೆ ಹೋಗುವವರಿಗೆ ಝಡ್ ವೀಸಾ ಬೇಕು. ಉದ್ಯೋಗದಾತ ಸಂಸ್ಥೆಯು ಅಲ್ಲಿನ ಇಲಾಖೆಯಿಂದ ಕೆಲಸದ ಪರವಾನಗಿಯ ಸೂಚನಾಪತ್ರ ಪಡೆದು ಕಳುಹಿಸಿದ ಮೇಲೆ ನಾವು ಇಲ್ಲಿಂದಲೇ ಆ ವೀಸಾ ಪಡೆದು, ಅಲ್ಲಿಗೆ ತಲುಪಿದ 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ನನಗೆ ಸಿಕ್ಕಿದ್ದು ವ್ಯಾಪಾರಕ್ಕೆ ಹೋಗಿಬರುವವರ ಎಂ ವೀಸಾ. ಈ ಬಗ್ಗೆ ಕೇಳಿದಾಗ, “ಮೊದಲು ಇದರಲ್ಲಿ ಹೋಗಿ ಮೇಡಂ, ಅಲ್ಲಿ ಹೋದ ಮೇಲೆ ಸ್ಕೂಲಿನವರೇ ಬದಲಿಸಿಕೊಡುತ್ತಾರೆ, ಎಲ್ಲರೂ ಹೀಗೇ ಹೋಗುವುದು” ಎಂಬ ಉತ್ತರ ಬಂತು. ಈ ಬರಹದಿಂದ ಒಂದೇ ಒಂದು ವಿಷಯ ನೆನಪಿಡುವುದಾದರೆ ಆ ಮಾತನ್ನು ನೆನಪಿಡಿ. ಅದನ್ನು ಕೇಳಿದ ಕೂಡಲೇ ಹಣ ಕಟ್ಟುವುದನ್ನು ನಿಲ್ಲಿಸಿ. ನನ್ನ ಆಹ್ವಾನಪತ್ರ ಬಂದದ್ದು ಒಂದು ಪೀಠೋಪಕರಣ ವ್ಯಾಪಾರದ ಕಂಪನಿಯಿಂದ. ಫೋಶಾನ್ ಸೋಫಾ, ಟೈಲ್ಸ್‌ಗಳಿಗೆ ಹೆಸರಾದ ಊರು, ನಮ್ಮ ವರ್ತಕರು ಅಲ್ಲಿಗೆ ಸದಾ ಹೋಗಿಬರುತ್ತಿರುತ್ತಾರೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹೋಟೆಲಿನ ಹೊರಗೆ ತಂಗುವ ವಿದೇಶಿಯರು 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮವಿದೆ. ಅಲ್ಲಿಯೂ ನಾನು ಪೀಠೋಪಕರಣ ಖರೀದಿಗೆ ಬಂದವಳೆಂದೇ ದಾಖಲಾದೆ.

ಸಂಸ್ಥೆಯ ಫಲಕದಲ್ಲಿ ಇಂಗ್ಲಿಷ್ ಎಂಬ ಮಾತೇ ಇರಲಿಲ್ಲ. ಶಾಲಾ ವಿಷಯಗಳ ಖಾಸಗಿ ಟ್ಯೂಷನ್ನಿನ ಮೇಲೆ ಚೀನಾ ಸರ್ಕಾರ 2021ರ ಜುಲೈನಲ್ಲಿ ಕಠಿಣ ನಿರ್ಬಂಧ ಹೇರಿ, ಅಂಥ ಕೇಂದ್ರಗಳು ಲಾಭಕ್ಕಾಗಿ ನಡೆಯಕೂಡದು, ವಾರಾಂತ್ಯ ಮತ್ತು ರಜಾದಿನಗಳಲ್ಲಿ ಪಾಠ ಮಾಡಕೂಡದು ಎಂದು ಆದೇಶಿಸಿತು. ಹೊರದೇಶದಲ್ಲಿ ಕುಳಿತು ಆನ್‌ಲೈನ್‌ನಲ್ಲಿ ಕಲಿಸುವ ಶಿಕ್ಷಕರನ್ನು ನೇಮಿಸಿಕೊಳ್ಳುವುದೂ ಆಗಲೇ ನಿಂತಿತು. ನಾನಿದ್ದ ಕೇಂದ್ರ ಆಮೇಲೆ “ಮಕ್ಕಳ ನಾಟಕ ಮತ್ತು ಚಿತ್ರಕಲೆ” ಎಂಬ ಫಲಕ ಹಾಕಿಕೊಂಡು ಶನಿವಾರ, ಭಾನುವಾರಗಳಂದು ಇಂಗ್ಲಿಷ್ ಪಾಠವನ್ನೇ ನಡೆಸುತ್ತಿತ್ತು. ಒಳಗೋಡೆಯ ಮೇಲೆ ನನ್ನ ಭಾವಚಿತ್ರ, ಅದರ ಕೆಳಗೆ ಬ್ರಿಟನ್ನಿನ ಬಾವುಟ. ಪೋಷಕರು ಕೇಳಿದರೆ ಲಂಡನ್ನಿನಲ್ಲಿ ಹುಟ್ಟಿ ಬೆಳೆದವಳೆಂದು ಹೇಳಬೇಕೆಂಬ ತಾಕೀತು. ಒಂದು ಭಾನುವಾರ ತಪಾಸಣೆಗೆ ಅಧಿಕಾರಿಗಳು ಬರುತ್ತಿದ್ದಾರೆಂಬ ಸುದ್ದಿ ಬಂದೊಡನೆ ಸಹಾಯಕಿ ಪರದೆಯ ಮೇಲಿದ್ದ ಪಾಠವನ್ನು ಆರಿಸಿ, ಮಕ್ಕಳ ಮುಂದೆ ಬಿಳಿ ಹಾಳೆ ಮತ್ತು ಬಣ್ಣದ ಕಡ್ಡಿಗಳನ್ನು ಹಂಚಿ, ನನ್ನ ಕೈಗೆ ಕೋಟು ಕೊಟ್ಟು ಹಿಂಬದಿಯ ಮೆಟ್ಟಿಲಿನಿಂದ ಕೆಳಗೆ ಕಳುಹಿಸಿದಳು. ಮಕ್ಕಳು ಒಂದು ಪ್ರಶ್ನೆಯನ್ನೂ ಕೇಳದೆ ಚಿತ್ರ ಬರೆಯಲು ಕೂತದ್ದನ್ನು ನೋಡಿದರೆ ಅದು ಅವರಿಗೆ ಮೊದಲ ಸಲವಲ್ಲ ಎಂಬುದು ಸ್ಪಷ್ಟವಾಗಿತ್ತು.

ವೀಸಾ ಬದಲಾಗಲೇ ಇಲ್ಲ. ತಂಗುವ ಅವಧಿ ಮುಗಿಯುವ ಮುನ್ನ ಹಾಂಗ್‌ಕಾಂಗ್‌ಗೆ ಹೋಗಿ ಮರಳಿ ಪ್ರವೇಶಿಸಬೇಕಿತ್ತು, ಅದರ ಖರ್ಚೂ ನನ್ನದೇ. 12,000 ಯುವಾನ್ ಎಂದು ಹೇಳಿದ್ದ ಸಂಬಳ ಸಂಸ್ಥೆಯ ಖಾತೆಯಿಂದ ಬಾರದೆ, ಚೀನಾದಲ್ಲಿ ಸಂದೇಶಕ್ಕೂ ಹಣ ಕಳುಹಿಸಲೂ ಬಳಸುವ ವೀಚಾಟ್ ಆ್ಯಪ್‌ನಲ್ಲಿ ಸ್ವಾಗತಕಾರಿಣಿಯ ಖಾತೆಯಿಂದ ತುಂಡುತುಂಡಾಗಿ ಬರುತ್ತಿತ್ತು. ಮನೆಯ ಮುಂಗಡ, ವೀಸಾ ವೆಚ್ಚ ಎಂದು ಕಡಿತಗಳು ಬೇರೆ. ಕೊನೆಗೆ ಒಪ್ಪಂದದ ಚೀನೀ ಪ್ರತಿಯನ್ನು ಗುವಾಂಗ್‌ಝೌನಲ್ಲಿ ವೈದ್ಯಕೀಯ ಓದುತ್ತಿದ್ದ ನಮ್ಮ ಕಡೆಯ ಹುಡುಗನೊಬ್ಬನಿಂದ ಓದಿಸಿದಾಗ ನಿಜ ಹೊರಬಿತ್ತು. ಇಂಗ್ಲಿಷ್ ಪ್ರತಿಯಲ್ಲಿ ಶಿಕ್ಷಕಿ, 12,000 ಎಂದಿದ್ದರೆ ಚೀನೀ ಪ್ರತಿಯಲ್ಲಿ ಸಾಂಸ್ಕೃತಿಕ ವಿನಿಮಯದ ಸ್ವಯಂಸೇವಕಿ, ಭತ್ಯೆ 4,000 ಎಂದಿತ್ತು. ವ್ಯಾಜ್ಯ ಬಂದರೆ ಚೀನೀ ಪ್ರತಿಯೇ ಊರ್ಜಿತ ಎಂಬ ಸಾಲೂ ಇತ್ತು. ಕೆಳಗಿದ್ದ ಕೆಂಪು ದುಂಡು ಮೊಹರು ನಾನು ಪಾಠ ಮಾಡುತ್ತಿದ್ದ ಕೇಂದ್ರದ್ದಲ್ಲ, ನಾನು ಹೆಸರೇ ಕೇಳಿರದ ಇನ್ನಾವುದೋ ಸಲಹಾ ಕಂಪನಿಯದು.

ಬಾಕಿ ಸಂಬಳ ಕೇಳಿದಾಗ ವ್ಯವಸ್ಥಾಪಕರು ಜಗಳವಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಬೇಕಿದ್ದರೆ ಪೊಲೀಸರಿಗೆ ತಾವೇ ಕರೆ ಮಾಡುವುದಾಗಿ ಹೇಳಿದರು. ಇಡೀ ವ್ಯವಹಾರ ನಿಂತಿರುವುದೇ ಈ ಬೆದರಿಕೆಯ ಮೇಲೆ. ಚೀನಾದ ಪ್ರವೇಶ-ನಿರ್ಗಮನ ಕಾನೂನಿನ 80ನೇ ವಿಧಿಯಂತೆ ಪರವಾನಗಿಯಿಲ್ಲದೆ ದುಡಿಯುವ ವಿದೇಶಿಗೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾಗಿದ್ದರೆ 5ರಿಂದ 15 ದಿನಗಳ ಬಂಧನವೂ ಇದೆ. ದೇಶದಿಂದ ಹೊರಗೆ ಕಳುಹಿಸಬಹುದು, ಕೆಲವು ವರ್ಷ ಮತ್ತೆ ಪ್ರವೇಶ ನಿರಾಕರಿಸಬಹುದು. ಕೆಲಸ ಕೊಟ್ಟವನಿಗೂ ಒಬ್ಬೊಬ್ಬ ನೌಕರನಿಗೆ 10,000 ಯುವಾನ್‌ನಂತೆ ದಂಡವಿದೆ ನಿಜ, ಆದರೆ ಅವನ ಮನೆ ಮಠ ಅಲ್ಲೇ ಇರುತ್ತದೆ, ದಂಡ ಕಟ್ಟಿ ಮರುದಿನ ಬಾಗಿಲು ತೆರೆಯುತ್ತಾನೆ. ಕೆಲಸದ ಪರವಾನಗಿ ಇಲ್ಲದ ವಿದೇಶಿಯ ನೌಕರಿಯ ಸಂಬಂಧವನ್ನು ಅಲ್ಲಿನ ನ್ಯಾಯಾಲಯಗಳು ಮಾನ್ಯ ಮಾಡುವುದಿಲ್ಲವಾದ್ದರಿಂದ ಕಾರ್ಮಿಕ ನ್ಯಾಯದ ದಾರಿಯೂ ಮುಚ್ಚಿದಂತೆಯೇ. ನಾನು ಬಾಕಿಯನ್ನು ಬಿಟ್ಟು, ಊರಿನಿಂದ ಹಣ ತರಿಸಿಕೊಂಡು ಟಿಕೆಟ್ ಕೊಂಡೆ.

ಹೋಗಬೇಕೆಂದಿರುವವರು ಝಡ್ ವೀಸಾ ಕೈಗೆ ಬರುವವರೆಗೆ ಇಲ್ಲಿನ ಕೆಲಸ ಬಿಡಬಾರದು. ಸೂಚನಾಪತ್ರದಲ್ಲಿರುವ ಸಂಸ್ಥೆಯ ಹೆಸರು, ಒಪ್ಪಂದದ ಮೊಹರಿನ ಹೆಸರು, ಪಾಠ ಮಾಡುವ ಜಾಗದ ಹೆಸರು ಮೂರೂ ಒಂದೇ ಆಗಿರಬೇಕು; ಪರವಾನಗಿ ಒಂದು ಸಂಸ್ಥೆಯದಾಗಿ ದುಡಿಮೆ ಇನ್ನೊಂದರಲ್ಲಾದರೆ ಅದೂ ಅಕ್ರಮವೇ. ಕಾನೂನುಬದ್ಧ ಉದ್ಯೋಗದಾತರು ಪದವಿ ಪ್ರಮಾಣಪತ್ರದ ದೃಢೀಕರಣ ಮತ್ತು ಪೊಲೀಸ್ ಕ್ಲಿಯರೆನ್ಸ್ ಕೇಳಿಯೇ ಕೇಳುತ್ತಾರೆ. ನನ್ನ ಏಜೆಂಟರು ಇವೆರಡನ್ನೂ ಕೇಳಿರಲಿಲ್ಲ, “ಅದೆಲ್ಲ ಬೇಡ” ಎಂದಿದ್ದರು. ಪಾಸ್‌ಪೋರ್ಟನ್ನು ಯಾವ ಕಾರಣಕ್ಕೂ ಸಂಸ್ಥೆಯವರ ಬಳಿ ಇಡಲು ಕೊಡಬೇಡಿ.

ಏಜೆಂಟರ ವಿಷಯದಲ್ಲಿಯೂ ಒಂದು ಮಾತು. ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸುವವರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ನನ್ನಿಂದ ಪಡೆದದ್ದು ಇದರ ಹಲವು ಪಟ್ಟು, ಕೊಟ್ಟ ರಸೀದಿಯಲ್ಲಿ ಬರೆದದ್ದು “ಸ್ಪೋಕನ್ ಇಂಗ್ಲಿಷ್ ತರಬೇತಿ ಶುಲ್ಕ” ಎಂದು. ಎಂ.ಎ. ಇಂಗ್ಲಿಷ್ ಮಾಡಿದವಳಿಗೆ ಸ್ಪೋಕನ್ ಇಂಗ್ಲಿಷ್ ತರಬೇತಿ!

ಈಗಾಗಲೇ ಅಲ್ಲಿ ಸಿಕ್ಕಿಹಾಕಿಕೊಂಡಿರುವವರು ಬೀಜಿಂಗ್‌ನ ರಾಯಭಾರ ಕಚೇರಿಯನ್ನು, ಗುವಾಂಗ್‌ಝೌ ಅಥವಾ ಶಾಂಘೈನ ಭಾರತೀಯ ಕಾನ್ಸುಲೇಟನ್ನು ಸಂಪರ್ಕಿಸಬಹುದು. ವಿದೇಶದಲ್ಲಿರುವ ಭಾರತೀಯರ ದೂರುಗಳಿಗಾಗಿ ವಿದೇಶಾಂಗ ಸಚಿವಾಲಯ ನಡೆಸುವ ಮದದ್ ಜಾಲತಾಣದಲ್ಲಿ ಮನೆಯವರು ಇಲ್ಲಿಂದಲೂ ದೂರು ದಾಖಲಿಸಬಹುದು. ಹೊರಡುವ ಮುನ್ನ ವೀಚಾಟ್ ಸಂಭಾಷಣೆ, ಹಣ ಬಂದ ದಾಖಲೆ, ಒಪ್ಪಂದದ ಎರಡೂ ಪ್ರತಿಗಳು, ತರಗತಿಯ ವೇಳಾಪಟ್ಟಿ ಎಲ್ಲದರ ಚಿತ್ರ ತೆಗೆದು ಊರಿನವರಿಗೆ ಕಳುಹಿಸಿಡಿ. ಇಲ್ಲಿನ ಠಾಣೆಯಲ್ಲಿ ನನ್ನ ದೂರು ಸ್ವೀಕರಿಸುವಾಗ ಮೊದಲು ಕೇಳಿದ್ದು ಏಜೆಂಟರಿಗೆ ಹಣ ಹೋದ ಬ್ಯಾಂಕ್ ವಿವರ ಮತ್ತು ಅವರು ಬರೆದು ಕಳುಹಿಸಿದ ಭರವಸೆಯ ಸಂದೇಶ. ಏಜೆಂಟರು ಬಾಯಿಮಾತಿನಲ್ಲಿ ಹೇಳಿದ್ದನ್ನು ಪೊಲೀಸರು ಬರೆದುಕೊಳ್ಳಲೂ ಇಲ್ಲ.