ಪಟ್ಟಿ ಒಂದು, ಫೋಲ್ಡರ್ ಎರಡು: ವಿಮ್‌ಗೂ ನಿಯೋವಿಮ್‌ಗೂ ಸೇರಿ ವಿಮ್-ಪ್ಲಗ್

ಬಳ್ಳಾರಿಯ ಕಾಲೇಜು ಲ್ಯಾಬಿರಲಿ, ನಾಲ್ಕು ಜನರ ಸಾಫ್ಟ್‌ವೇರ್ ಆಫೀಸಿರಲಿ, ಒಂದು ಸಿಸ್ಟಮ್‌ನಲ್ಲಿ ಉಬುಂಟು 22.04, ಪಕ್ಕದ್ದರಲ್ಲಿ 24.04 ಇದ್ದರೆ ವಿಮ್, ನಿಯೋವಿಮ್ ಎಂಬ ಟೆಕ್ಸ್ಟ್ ಎಡಿಟರ್‌ಗಳ ಪ್ಲಗಿನ್‌ಗಳ (ಹೆಚ್ಚುವರಿ ಸೌಲಭ್ಯ ಕೊಡುವ ತುಣುಕುಗಳ) ತಲೆನೋವು ಶುರು. ಮೊದಲನೆಯದರ ಜೊತೆ ಬರುವುದು ವಿಮ್ 8.2, ನಿಯೋವಿಮ್ 0.6. ಎರಡನೆಯದರಲ್ಲಿ ವಿಮ್ 9.1, ನಿಯೋವಿಮ್ 0.9. 2014ರಲ್ಲಿ ನಿಯೋವಿಮ್ ವಿಮ್‌ನಿಂದ ಕವಲೊಡೆದು ಬೇರೆ ಒಲೆ ಹೂಡಿತು. ಹಳೆಯ ವಿಮ್‌ಸ್ಕ್ರಿಪ್ಟ್‌ನಲ್ಲಿ ಬರೆದ ಪ್ಲಗಿನ್‌ಗಳು ಬಹುತೇಕ ಎರಡೂ ಮನೆಯಲ್ಲಿ ಓಡುತ್ತವೆ. ನಿಯೋವಿಮ್‌ಗೆಂದೇ ಲುವಾದಲ್ಲಿ ಬರೆದವು ವಿಮ್‌ನಲ್ಲಿ ಓಡುವುದಿಲ್ಲ. ವಿಮ್9 ಸ್ಕ್ರಿಪ್ಟ್ ನಿಯೋವಿಮ್‌ಗೆ ಅರ್ಥವಾಗುವುದಿಲ್ಲ. ಎರಡನ್ನೂ ಒಂದೇ ಪಟ್ಟಿಯಿಂದ ನೋಡಿಕೊಳ್ಳಬೇಕೆಂದರೆ, ಪ್ಲಗಿನ್ ಇಳಿಸಿ ನವೀಕರಿಸುವ ಸಾಧನಗಳಲ್ಲಿ ವಿಮ್-ಪ್ಲಗ್‌ನಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಇಂಥದ್ದೇ ಇನ್ನೊಂದು ಸಾಧನ ಲೇಜಿ ಚೆನ್ನಾಗಿದೆ ನಿಜ, ಆದರೆ ಅದು ನಿಯೋವಿಮ್‌ಗೆ ಮಾತ್ರ. ಐದಕ್ಕೆ ನಾಲ್ಕು ಅಂಕ. ಉಳಿದ ಒಂದು ಅಂಕ ಎಲ್ಲಿ ಹೋಯಿತು ಎಂಬುದೇ ಈ ವಿಮರ್ಶೆಯ ಮುಖ್ಯ ಭಾಗ.

ಇಡೀ ಸಾಧನ ಒಂದೇ ಒಂದು ಫೈಲು. ವಿಮ್‌ಗೆ ಅದನ್ನು ಹೋಮ್‌ನ ಡಾಟ್-ವಿಮ್ ಒಳಗಿನ ಆಟೋಲೋಡ್ ಫೋಲ್ಡರ್‌ಗೆ ಹಾಕಬೇಕು. ನಿಯೋವಿಮ್‌ಗೆ ಅದರ ಡೇಟಾ ಫೋಲ್ಡರ್‌ನಲ್ಲಿರುವ 'ಸೈಟ್' ಒಳಗಿನ ಆಟೋಲೋಡ್‌ಗೆ. ಜೊತೆಗೆ ಕೋಡ್ ಇಳಿಸಿ ಅದರ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್ ಇದ್ದರೆ ಸಾಕು. ಪ್ಲಗಿನ್ ಪಟ್ಟಿಯನ್ನು ಬೇರೆ ಫೈಲಿನಲ್ಲಿಟ್ಟು, ಎರಡೂ ಎಡಿಟರ್‌ಗಳ ಸೆಟ್ಟಿಂಗ್ ಫೈಲಿನಿಂದ ಅದನ್ನು ಸೋರ್ಸ್ ಮಾಡಿ.

ಎಡವುವುದು ಇಲ್ಲಿಯೇ. ಪಟ್ಟಿಯ ಆರಂಭದಲ್ಲಿ ಫೋಲ್ಡರ್ ಹೆಸರು ಕೊಡದಿದ್ದರೆ ವಿಮ್ ತನ್ನ ಪ್ಲಗಿನ್‌ಗಳನ್ನು ಒಂದು ಕಡೆ, ನಿಯೋವಿಮ್ ಇನ್ನೊಂದು ಕಡೆ ಇಳಿಸಿಕೊಳ್ಳುತ್ತದೆ. ಇಂಟರ್ನೆಟ್ ಡೇಟಾ ಉಳಿಯಲಿ ಅಂತ ಎರಡಕ್ಕೂ ಒಂದೇ ಫೋಲ್ಡರ್ ತೋರಿಸುವವರು ಬಹಳ. ಪಟ್ಟಿಯಲ್ಲಿ 'ನಿಯೋವಿಮ್ ಆಗಿದ್ದರೆ ಮಾತ್ರ' ಎಂಬ ಷರತ್ತಿನೊಳಗೆ ಟೆಲಿಸ್ಕೋಪ್ (ಫೈಲು ಹುಡುಕುವ ಪ್ಲಗಿನ್), ಟ್ರೀಸಿಟರ್ (ಕೋಡ್‌ಗೆ ಬಣ್ಣ ಹಚ್ಚುವ ಪ್ಲಗಿನ್) ಇವೆ ಅಂದುಕೊಳ್ಳಿ. ವಿಮ್ ತೆರೆದು, ಪಟ್ಟಿಯಲ್ಲಿಲ್ಲದ್ದನ್ನು ಅಳಿಸುವ ಪ್ಲಗ್‌ಕ್ಲೀನ್ ಕಮಾಂಡ್ ಕೊಟ್ಟರೆ, ವಿಮ್‌ನ ಲೆಕ್ಕದಲ್ಲಿ ಅವು ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಕಸವೆಂದು ತೋರಿಸಿ, ಅಳಿಸಲೇ ಎಂದು ಕೇಳುತ್ತದೆ. ಓದದೆ 'ವೈ' ಒತ್ತಿದರೆ ನಿಯೋವಿಮ್‌ನ ಅರ್ಧ ಸಂಸಾರ ಹೋಯಿತು. ಆಶ್ಚರ್ಯಸೂಚಕ ಚಿಹ್ನೆ ಹಾಕಿ ಕೊಟ್ಟರಂತೂ ಕೇಳುವುದೂ ಇಲ್ಲ.

ಇದಕ್ಕೆ ಒಂದು ಉಪಾಯವಿದೆ. ಷರತ್ತಿನೊಳಗೆ ಇಡುವ ಬದಲು ಪ್ಲಗಿನ್ ಅನ್ನು ಯಾವಾಗಲೂ ಪಟ್ಟಿಯಲ್ಲಿಡಿ. ವಿಮ್ ಆಗಿದ್ದರೆ, ಪ್ಲಗಿನ್ ಯಾವಾಗ ಲೋಡ್ ಆಗಬೇಕೆಂದು ಹೇಳುವ 'ಆನ್' ಮತ್ತು 'ಫಾರ್' ಎರಡಕ್ಕೂ ಖಾಲಿ ಪಟ್ಟಿ ಕೊಡಿ. ಆಗ ಹೆಸರು ನೋಂದಣಿಯಾಗಿರುತ್ತದೆ, ಲೋಡ್ ಆಗುವುದಿಲ್ಲ, ಕ್ಲೀನ್ ಅದನ್ನು ಮುಟ್ಟುವುದಿಲ್ಲ.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಪ್ಲಗಿನ್ ಅಪ್‌ಡೇಟ್ ಆದ ಮೇಲೆ ಓಡಬೇಕಾದ ಕೆಲಸವನ್ನು 'ಡು'ನಲ್ಲಿ ಬರೆಯುತ್ತೇವೆ. ಟ್ರೀಸಿಟರ್‌ಗೆ ಪಾರ್ಸರ್ (ಕೋಡ್‌ನ ರಚನೆ ಓದುವ ಭಾಗ) ನವೀಕರಿಸುವ ಟಿಎಸ್‌ಅಪ್‌ಡೇಟ್ ಹಾಗೆ. ವಿಮ್‌ನಿಂದ ಅಪ್‌ಡೇಟ್ ಕೊಟ್ಟರೆ ಆ ಕಮಾಂಡ್ ಅಲ್ಲಿ ಇರುವುದಿಲ್ಲ, ಎರರ್ ಬರುತ್ತದೆ. ಕೋಡ್ ಮಾತ್ರ ಹೊಸದಾಗಿರುತ್ತದೆ. ಆಮೇಲೆ ನಿಯೋವಿಮ್‌ನಿಂದ ಅಪ್‌ಡೇಟ್ ಕೊಟ್ಟರೆ ಹೊಸ ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಇಲ್ಲವಾದ್ದರಿಂದ 'ಡು' ಓಡುವುದೇ ಇಲ್ಲ. ಹೊಸ ಕೋಡ್, ಹಳೆ ಪಾರ್ಸರ್. ಬಣ್ಣ ಯಾಕೆ ಹಾಳಾಯಿತು ಅಂತ ಹುಡುಕುವುದರಲ್ಲಿ ಮಧ್ಯಾಹ್ನ ಕಳೆಯುತ್ತದೆ. ಪ್ಲಗ್‌ಅಪ್‌ಡೇಟ್‌ಗೆ ಆಶ್ಚರ್ಯಸೂಚಕ ಹಾಕಿದರೆ ಮತ್ತೆ ಓಡುತ್ತದೆ.

ಆದ್ದರಿಂದ ಪಟ್ಟಿ ಒಂದೇ ಇರಲಿ, ಫೋಲ್ಡರ್ ಬೇರೆ ಬೇರೆ ಇರಲಿ. ಡೇಟಾದ ಚಿಂತೆಗೂ ದಾರಿ ಇದೆ: ಫೋಲ್ಡರ್ ಒಳಗಿರುವುದು ಬರೀ ಗಿಟ್ ಕ್ಲೋನ್‌ಗಳು, ಅಂದರೆ ಪ್ರತಿಗಳು. ಒಂದು ಕಡೆ ಇಳಿಸಿ, ಇನ್ನೊಂದು ಕಡೆಗೆ ಕಾಪಿ ಮಾಡಿ. ಲ್ಯಾಬಿನ ಉಳಿದ ಸಿಸ್ಟಮ್‌ಗಳಿಗೂ ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು, ಪ್ಲಗ್‌ಇನ್‌ಸ್ಟಾಲ್ ಅವನ್ನು ಇನ್‌ಸ್ಟಾಲ್ ಆದವೆಂದೇ ಎಣಿಸುತ್ತದೆ. ಕಂಪೈಲ್ ಆಗಬೇಕಾದವನ್ನು ಮಾತ್ರ ಅಲ್ಲಲ್ಲೇ ಮತ್ತೆ ಕಟ್ಟಿಸಿ.

ವರ್ಷನ್ ಹೊಂದಾಣಿಕೆಗೆ 'ಬ್ರಾಂಚ್', 'ಟ್ಯಾಗ್', 'ಕಮಿಟ್' ಎಂಬ ಆಯ್ಕೆಗಳಿವೆ. ಟ್ರೀಸಿಟರ್‌ನ 'ಮೇನ್' ಬ್ರಾಂಚ್ ಪೂರ್ತಿ ಹೊಸದಾಗಿ ಬರೆದದ್ದು, 24.04ರ ನಿಯೋವಿಮ್ 0.9ಕ್ಕೆ ಅದು ಆಗಿಬರುವುದಿಲ್ಲ, 0.9ಕ್ಕೆ ಹೊಂದುವ ಹಳೆಯ ಟ್ಯಾಗ್‌ಗೆ ಕಟ್ಟಿಹಾಕಿ. ಕೋಡ್ ಪೂರ್ಣಗೊಳಿಸಿಕೊಡುವ ಪ್ಲಗಿನ್ ಆದ ಕಾಕ್‌ನ ಈಗಿನ ಆವೃತ್ತಿಗೆ ವಿಮ್ 9 ಬೇಕು, 22.04ರ 8.2ರಲ್ಲಿ ಅದರ ಆಸೆ ಬಿಡಿ. ಕಾಮೆಂಟ್ ಮಾಡುವ ಪ್ಲಗಿನ್ ನಿಯೋವಿಮ್ 0.10ರಿಂದ ಬೇಕಿಲ್ಲ, ಒಳಗೇ ಬಂದಿದೆ.

ಲಾಕ್‌ಫೈಲ್ (ಪ್ರತಿ ಪ್ಲಗಿನ್‌ನ ಖಚಿತ ವರ್ಷನ್ ಬರೆದಿಡುವ ಫೈಲು) ಇಲ್ಲ ಎಂಬುದು ನಿಜವಾದ ಕೊರತೆ. ಬದಲಿಗೆ ಪ್ಲಗ್‌ಸ್ನ್ಯಾಪ್‌ಶಾಟ್ ಇದೆ: ಆ ಹೊತ್ತಿನ ಕಮಿಟ್‌ಗಳನ್ನೆಲ್ಲ ಒಂದು ಸ್ಕ್ರಿಪ್ಟ್ ಆಗಿ ಬರೆದುಕೊಡುತ್ತದೆ. ಆದರೆ ಯಾವ ಎಡಿಟರ್‌ನಲ್ಲಿ ಕೊಟ್ಟಿರೋ ಅದರ ಪಟ್ಟಿಯಷ್ಟೇ ಅದರಲ್ಲಿ ಇರುತ್ತದೆ. ಎರಡರಲ್ಲೂ ತೆಗೆದಿಟ್ಟುಕೊಳ್ಳಿ, ಅದೂ ಅಪ್‌ಡೇಟ್‌ಗೆ ಮೊದಲು. ಅಪ್‌ಡೇಟ್ ಆದ ಮೇಲೆ ಒಂದೇ ಪ್ಲಗಿನ್ ಕೆಟ್ಟಿದ್ದರೆ ಪ್ಲಗ್‌ಡಿಫ್ ತೆರೆದು ಆ ಸಾಲಿನ ಮೇಲೆ ದೊಡ್ಡ 'ಎಕ್ಸ್' ಒತ್ತಿದರೆ ಅದಷ್ಟೇ ಹಿಂದಕ್ಕೆ ಹೋಗುತ್ತದೆ. ಇದು ಈ ಸಾಧನದ ಅತ್ಯುತ್ತಮ ಗುಣ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವವರಿಗೆ ಒಂದು ಮಾತು. ಒಮ್ಮೆಗೆ 16 ಡೌನ್‌ಲೋಡ್ ಶುರು ಮಾಡುವುದು ಅದರ ರೂಢಿ. ಕಮಾಂಡ್‌ನ ಕೊನೆಗೆ 2 ಎಂದು ಸೇರಿಸಿದರೆ ಎರಡೆರಡೇ ಇಳಿಯುತ್ತವೆ. ಟೈಮ್‌ಔಟ್ ಏರಿಸಿ ಎಂಬ ಸಲಹೆಗೆ ಕಿವಿಗೊಡಬೇಡಿ: ಆ ಸೆಟ್ಟಿಂಗ್ ರೂಬಿ ಅಥವಾ ಪೈಥಾನ್ ಮೂಲಕ ಇಳಿಸುತ್ತಿದ್ದ ಹಳೆಯ ದಾರಿಗೆ ಮಾತ್ರ ಅನ್ವಯ. ಬಾರದೆ ಉಳಿದವಕ್ಕೆ ಆ ಕಿಟಕಿಯಲ್ಲೇ ದೊಡ್ಡ 'ಆರ್' ಒತ್ತಿ.

ಕುಡಿತಿನಿಯಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರವಿದ್ದರೂ ಕರೆಂಟು ಕೈಕೊಡುವುದುಂಟಲ್ಲ, ಕ್ಲೋನ್ ಮಧ್ಯೆ ಹೋದರೆ ಅರೆಬರೆ ಫೋಲ್ಡರ್ ಉಳಿಯುತ್ತದೆ. ಪ್ಲಗ್‌ಸ್ಟೇಟಸ್ ನೋಡಿ, ಕ್ಲೀನ್ ಬೇಕು ಎಂದಿದ್ದರೆ ಕ್ಲೀನ್ ಕೊಟ್ಟು ಮತ್ತೆ ಇಳಿಸಿ. ಅಪ್‌ಡೇಟ್ ಮಧ್ಯೆ ಹೋಗಿದ್ದರೆ ಆ ಪ್ಲಗಿನ್‌ನ ಡಾಟ್-ಗಿಟ್ ಒಳಗೆ ಇಂಡೆಕ್ಸ್-ಲಾಕ್ ಫೈಲು ಉಳಿದಿರಬಹುದು. ಬೇರೆ ಗಿಟ್ ಓಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕೈಯಾರೆ ಅಳಿಸಿ.

ಇನ್ನು, 'ಬಳ್ಳಾರಿ' ಎಂದು ಬರೆದಾಗ ಎರಡನೆಯ ಳ ಒತ್ತಾಗಿ ಕೂರದೆ ಪಕ್ಕಕ್ಕೆ ಬಿದ್ದಿದ್ದರೆ ಪ್ಲಗಿನ್ ಹುಡುಕಬೇಡಿ. ಅದು ಟರ್ಮಿನಲ್‌ನ ತಪ್ಪು.